ಕಾಡಂಚಿಗೆ ಕುದುರೆ ಬಿಡಾರ ಬಂತಂದ್ರೆ ಹೊಲದವರು, ಅಂಗಡಿಯವರು ಏನು ತಿಳಿದಿರಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಖಾನಾಪುರ: ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿ ಆಗ್ತಿದ್ದಂತೆ ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ಕುರಿ ಹಿಂಡುಗಳು ಕಾಣಿಸ್ತವೆ. ಮುಂದೆ ಕುರಿ, ಪಕ್ಕದಲ್ಲಿ ನಾಯಿ, ಹಿಂದೆ ಎರಡೋ ಮೂರೋ ಗಿಡ್ಡ ಕುದುರೆ. ಕುದುರೆ ಬೆನ್ನ ಮೇಲೆ ತಾಡಪತ್ರಿ, ಕಂಬಳಿ, ಹಿಟ್ಟಿನ ಚೀಲ, ಪಾತ್ರೆ, ಕೋಳಿ. ಒಮ್ಮೊಮ್ಮೆ ಎಲ್ಲದರ ಮೇಲೆ ಒಂದು ಸಣ್ಣ ಕೂಸು ಕೂತಿರುತ್ತೆ. ಸಂಜೆಗೆ ಊರ ಹೊರಗೆ, ಕಾಡು ಶುರು ಆಗೋ ಕಡೆ ಬಿಡಾರ ಬೀಳುತ್ತೆ.

ನಾವು ದಿನಾ ನೋಡ್ತೀವಿ, ಆದ್ರೆ ಅವರ ಬಗ್ಗೆ ನಮಗೆ ಗೊತ್ತಿರೋದು ಕಡಿಮೆ. ಗೊತ್ತಿಲ್ಲದೇ ಇರೋದ್ರಿಂದಲೇ ಪ್ರತಿ ವರ್ಷ ಹೊಲದವರ ಜೊತೆ, ಕಾಡಿನವರ ಜೊತೆ ಜಗಳ ಆಗ್ತವೆ. ಕುದುರೆಗಳೂ ಸಾಯ್ತವೆ. ಒಂದು ಕುದುರೆ ಸತ್ತಿದ್ದನ್ನು ಈ ವರದಿಗಾರ ಕಣ್ಣಾರೆ ಕಂಡಿದ್ದಾನೆ. ಅದನ್ನು ಮುಂದೆ ಹೇಳ್ತೀನಿ.

ಯಾರು ಇವರು, ಯಾವಾಗ ಬರ್ತಾರೆ?

ಹೆಚ್ಚಿನವರು ಚಿಕ್ಕೋಡಿ, ರಾಯಬಾಗ, ಗೋಕಾಕ ಕಡೆಯ ಕುರುಬರು. ದೀಪಾವಳಿ ಹಿಂದೆ ಮುಂದೆ ಊರು ಬಿಟ್ಟು ಪಶ್ಚಿಮಕ್ಕೆ, ಭತ್ತ ಬೆಳೆಯುವ ನಮ್ಮಂಥ ಕಡೆ ಬರ್ತಾರೆ. ಮುಂಗಾರು ಹತ್ತಿರ ಬಂದಂಗೆ ವಾಪಸ್ ಹೊರಡ್ತಾರೆ. ಕಾರಣ ಸರಳ: ದಖನಿ ತಳಿಯ ಕುರಿ ಬಯಲುಸೀಮೆಯದು. ನಮ್ಮ ಕಡೆಯ ಜಡಿಮಳೆ, ಕೆಸರು ಅದಕ್ಕೆ ಆಗಿ ಬರಲ್ಲ. ಗೊರಸು ಕೊಳೆಯುತ್ತೆ.

ಹೊಲದವರಿಗೆ ಲಾಭ ಏನು? ರಾತ್ರಿ ಕುರಿ ನಿಲ್ಲಿಸಿದ ಹೊಲಕ್ಕೆ ಹಿಕ್ಕೆ, ಮೂತ್ರ ಎರಡೂ ನೇರವಾಗಿ ಬೀಳುತ್ತೆ. ಗಾಡಿ ಬಾಡಿಗೆ ಇಲ್ಲ, ಹರಡೋ ಕೂಲಿ ಇಲ್ಲ. ಬದಲಿಗೆ ರೈತರು ಹಣವನ್ನೋ ಜೋಳವನ್ನೋ ಕೊಡ್ತಾರೆ.

ಕುದುರೆ ಯಾಕೆ ಬೇಕು?

ಬಿಡಾರದಲ್ಲಿ ಕುದುರೆ ಅಂದ್ರೆ ಮನೆ ಇದ್ದಂಗೆ. ಅಡುಗೆ ಸಾಮಾನು, ಹಾಸಿಗೆ, ರಾತ್ರಿ ಕುರಿ ಸುತ್ತ ಕಟ್ಟೋ ಬಲೆ, ದಾರಿಯಲ್ಲಿ ಹುಟ್ಟಿದ ಮರಿ, ಎಲ್ಲಾ ಅದರ ಮೇಲೆ. ಟೆಂಪೋ ಹೋಗದ ಕಾಲುದಾರಿಯಲ್ಲೂ ಅದು ಹೋಗುತ್ತೆ.

ಪಕ್ಕದ ಮಹಾರಾಷ್ಟ್ರದಲ್ಲಿ ಧನಗರರು ಸಾಕುವ ಭೀಮಥಡಿ ಕುದುರೆಗೆ ಇತ್ತೀಚೆಗೆ ದೇಶದ 8ನೇ ಕುದುರೆ ತಳಿ ಅಂತ ಅಧಿಕೃತ ಮಾನ್ಯತೆ ಸಿಕ್ಕಿದೆ. ಅಲ್ಲೂ ಅದರ ಕೆಲಸ ಇದೇ, ಕುರಿಯವರ ಬಿಡಾರ ಹೊರೋದು.

ಎಷ್ಟು ಹೊರಿಸಬಹುದು ಅನ್ನೋದಕ್ಕೂ ಕಾನೂನು ಇದೆ. ಕೇಂದ್ರದ 1965ರ ನಿಯಮದ ಪ್ರಕಾರ ಗಿಡ್ಡ ಕುದುರೆ ಮೇಲೆ 70 ಕೆ.ಜಿ., ಕತ್ತೆ ಮೇಲೆ 50 ಕೆ.ಜಿ.ಗಿಂತ ಹೆಚ್ಚು ಹೇರುವಂತಿಲ್ಲ. ದಿನಕ್ಕೆ 9 ತಾಸಿಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೇ ಒಂದೇ ಸಮ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಬಂದ್. ಕುರಿಯವರು ಬೆಳಕು ಹರಿಯೋ ಮೊದಲೇ ಹೊರಟು ಬಿಸಿಲೇರುವ ಹೊತ್ತಿಗೆ ನೆರಳು ಹಿಡಿಯೋದು ಇದೇ ಲೆಕ್ಕದಲ್ಲಿ. ನಿಯಮ ಓದಿ ಅಲ್ಲ, ರೂಢಿಯಿಂದ.

ಬಿಡಾರಕ್ಕೆ ಎಂಥ ಜಾಗ?

* ನೀರು ಹತ್ತಿರ ಇರಬೇಕು, ಆದ್ರೆ ದಂಡೆ ಮೇಲೇ ಬಿಡಾರ ಹಾಕಬಾರದು. ಸಗಣಿ, ಲದ್ದಿ ನೀರಿಗೆ ಹೋಗುತ್ತೆ. ಕಾಡುಪ್ರಾಣಿ ನೀರಿಗೆ ಬರೋದೂ ಅದೇ ದಾರಿಯಲ್ಲಿ.
* ಸುತ್ತ ಕಣ್ಣು ಹಾಯುವಂಥ ಬಯಲು ಬೇಕು. ಚಿರತೆ, ತೋಳದ ಭಯ ಇರುತ್ತೆ. ರಾತ್ರಿ ನಾಯಿ ಬೊಗಳೋಕೂ ಮೊದಲು ಕುದುರೆ ಕಿವಿ ನಿಮಿರಿಸಿ ಒಂದೇ ಕಡೆ ನೋಡ್ತಾ ನಿಂತ್ರೆ ಬಿಡಾರದವರು ಎದ್ದು ಕೂರ್ತಾರೆ.
* ನೆಲ ಸಮ ಇರಬೇಕು. ಕುದುರೆ ನಿಂತಲ್ಲೇ ತೂಕಡಿಸುತ್ತೆ ನಿಜ, ಆದ್ರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಕಲ್ಲು, ಕೂಳೆ ಮೊನೆ ಇರೋ ಕಡೆ ಕಟ್ಟಿದ್ರೆ ಮಲಗಲ್ಲ.
* ಮರಕ್ಕೆ ಕಟ್ಟಿದ್ರೆ ಕುದುರೆ ತೊಗಟೆ ಕಡಿಯುತ್ತೆ, ಬೇರಿನ ಸುತ್ತ ಕಾಲಲ್ಲಿ ಕೆದರುತ್ತೆ. ಎರಡು ಗೂಟದ ನಡುವೆ ಹಗ್ಗ ಎಳೆದು ಅದಕ್ಕೆ ಕಟ್ಟಿದ್ರೆ ಮರ ಉಳಿಯುತ್ತೆ.

ಕಾಡಿನ ಗೆರೆ ಎಲ್ಲಿದೆ? ಕಾನೂನು ಏನು ಹೇಳುತ್ತೆ?

ಹೆಚ್ಚಿನ ಜಗಳ ಇಲ್ಲೇ. ಕಾಡು ಅಂದ್ರೆ ಎಲ್ಲಾ ಒಂದೇ ಅಲ್ಲ.

ರಾಷ್ಟ್ರೀಯ ಉದ್ಯಾನ: 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಸಾಕುಪ್ರಾಣಿ ಮೇಯಿಸುವಂತೆಯೇ ಇಲ್ಲ.

ಅಭಯಾರಣ್ಯ: ನಮ್ಮ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಅಭಯಾರಣ್ಯ ಆಯ್ತು. ಇಂಥ ಕಡೆ ಮೇಯಿಸೋದನ್ನು ತಡೆಯುವ, ನಿಯಂತ್ರಿಸುವ ಅಧಿಕಾರ ಅರಣ್ಯ ಇಲಾಖೆಗೆ ಇದೆ. ಲಸಿಕೆ ಆಗದ ಪ್ರಾಣಿಯನ್ನು ಒಳಗೆ ಬಿಡುವಂತಿಲ್ಲ. ಸುತ್ತಲಿನ 5 ಕಿ.ಮೀ. ಒಳಗಿನ ಸಾಕುಪ್ರಾಣಿಗೂ ಲಸಿಕೆ ಹಾಕಿಸಬೇಕು ಅಂತ ಕಾಯ್ದೆ ಹೇಳುತ್ತೆ. ಯಾಕಂದ್ರೆ ರೋಗಕ್ಕೆ ಗೆರೆ ಗೊತ್ತಿಲ್ಲ.

ಮೀಸಲು ಅರಣ್ಯ: 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅನುಮತಿ ಇಲ್ಲದೇ ಒಳಗೆ ದನ ಕುರಿ ಬಿಡೋದು, ಬೆಂಕಿ ಹಚ್ಚೋದು ಅಪರಾಧ. ಮೂರು ಕಲ್ಲಿನ ಒಲೆಯೂ ಬೆಂಕಿಯೇ. ಫೆಬ್ರವರಿಯಿಂದ ಮೇ ತನಕ ಒಣ ಎಲೆ ಬಿದ್ದಿರುತ್ತೆ, ಒಂದು ಕಿಡಿ ಸಾಕು. ಒಲೆಗೆ ನೀರು ಸುರಿದು, ಕೈ ಇಟ್ಟು ತಣ್ಣಗಾಗಿದೆ ಅಂತ ನೋಡಿಯೇ ಹೊರಡಬೇಕು.

ಹಾಗಾದ್ರೆ ಕುರಿಯವರಿಗೆ ಹಕ್ಕೇ ಇಲ್ವಾ? ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳು ಋತುಮಾನಕ್ಕೆ ತಕ್ಕಂತೆ ಮೇಯಿಸಿಕೊಂಡು ಬಂದ ರೂಢಿಯನ್ನೂ ಹಕ್ಕು ಅಂತ ಲೆಕ್ಕಕ್ಕೆ ತಗೊಂಡಿದೆ. ಆದ್ರೆ ಪರಿಶಿಷ್ಟ ಪಂಗಡ ಅಲ್ಲದವರು ಮೂರು ತಲೆಮಾರು, ಅಂದ್ರೆ 75 ವರ್ಷದ ಆಧಾರ ತೋರಿಸಬೇಕು. ಅರ್ಜಿ ಗ್ರಾಮಸಭೆಯಿಂದ ಶುರು ಆಗಬೇಕು. ವರ್ಷದ ಅರ್ಧ ದಾರಿಯಲ್ಲೇ ಕಳೆಯೋರಿಗೆ ಯಾವ ಊರಿನ ಗ್ರಾಮಸಭೆ? ತೊಡಕು ಇರೋದು ಅಲ್ಲೇ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು 5 ಹುಲಿ ಸತ್ತ ಮೇಲೆ, ಕಾಡಿನಲ್ಲಿ ಸಾಕುಪ್ರಾಣಿ ಮೇಯಿಸೋದನ್ನು ತಡೆಯಲು ಅರಣ್ಯ ಸಚಿವರು ಇಲಾಖೆಗೆ ಸೂಚನೆ ಕೊಟ್ಟರು. ಅದೇ ವರ್ಷ ಸಂಚಾರಿ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗೆ ಅಂತ ವಿಧಾನಮಂಡಲದಲ್ಲಿ ಮಸೂದೆಯೂ ಪಾಸ್ ಆಯ್ತು. ಒಂದು ಕಡೆ ಬಾಗಿಲು ಹಾಕೋ ಮಾತು, ಇನ್ನೊಂದು ಕಡೆ ಕಾಯೋ ಮಾತು. ನಡುವೆ ಬಿಡಾರ ರಾತ್ರಿ ಎಲ್ಲಿ ಇಳಿಯಬೇಕು ಅನ್ನೋದು ಊರವರಾದ ನಮ್ಮ ಮೇಲೆ ಬರುತ್ತೆ. ಗಾಯರಾಣ, ಖಾಲಿ ಹೊಲ ಕೊಟ್ರೆ ಅವರು ಗೆರೆ ದಾಟೋ ಪ್ರಸಂಗವೇ ಬರಲ್ಲ.

ಬೇರೆ ಕಡೆ ಹೇಗಿದೆ?

ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಕುದುರೆ ಸಮೇತ ಬರೋರಿಗೆ ಅಂತಲೇ ಕೆಲವು ಕಡೆ ಬೇರೆ ಬಿಡಾರ ಜಾಗ ಇವೆ. ಕುದುರೆ ಕಟ್ಟೋ ಕಂಬ, ದೊಡ್ಡಿ, ನೀರಿನ ತೊಟ್ಟಿ ಇರುತ್ತೆ. ನಿಯಮವೂ ಬಿಗಿ. ಮರಕ್ಕೆ ನೇರ ಕಟ್ಟಬಾರದು, ಲದ್ದಿ ಬಿಟ್ಟು ಹೋಗಬಾರದು, ಬಹಳಷ್ಟು ಕಡೆ ಕಳೆ ಬೀಜ ಇಲ್ಲದ ಹುಲ್ಲೇ ತರಬೇಕು. ಅಲ್ಲಿ ಬರೋರು ಮೋಜಿಗೆ ಬರ್ತಾರೆ, ಇಲ್ಲಿ ಹೊಟ್ಟೆಪಾಡಿಗೆ. ಆದ್ರೆ ಜಾಗ ಗುರುತು ಮಾಡಿ ನಿಯಮ ಹೇಳಿದ್ರೆ ಕಾಡೂ ಉಳಿಯುತ್ತೆ, ಜಗಳವೂ ಇರಲ್ಲ ಅನ್ನೋದು ನಮಗೂ ಹೊಂದುತ್ತೆ.

ಕುದುರೆಗೆ ಏನು ಕೊಡಬಾರದು?

ಕಳೆದ ಬೇಸಿಗೆ ನಮ್ಮೂರ ಕಾಡಂಚಲ್ಲಿ ಒಂದು ಬಿಡಾರ ಇತ್ತು. ಊರಲ್ಲಿ ಮದುವೆ. ಉಳಿದ ಅನ್ನ, ಬೂಂದಿ, ಚಪಾತಿ ಚೆಲ್ಲೋದ್ಯಾಕೆ ಅಂತ ನಾವು ಹುಡುಗರು ಎರಡು ಬುಟ್ಟಿ ತಗೊಂಡು ಹೋಗಿ ಕುದುರೆ ಮುಂದೆ ಸುರಿದ್ವಿ. ಬಿಡಾರದವರು ಕುರಿ ಜೊತೆ ಹೊರಗಿದ್ರು. ಕುದುರೆ ಚೆನ್ನಾಗಿ ತಿಂತು, ನಾವು ಫೋಟೋ ತೆಗೆದ್ವಿ. ಸಂಜೆಗೆ ಅದು ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ತಾ ನೆಲಕ್ಕೆ ಬಿದ್ದು ಹೊರಳಾಡೋಕೆ ಶುರು ಮಾಡ್ತು. ಡಾಕ್ಟರ್ ಬರೋ ಹೊತ್ತಿಗೆ ತಡ ಆಗಿತ್ತು. ಬೆಳಗಿನ ಜಾವ ಸತ್ತಿತು.

ಬಿಡಾರದ ಅಜ್ಜಿ ಹತ್ತಿರ ಹೋಗಿ, "ತಪ್ಪಾತು ಆಯಿ, ನಮಗ ಗೊತ್ತಿದ್ದಿಲ್ಲ" ಅಂದೆ. ಅವರು ಬೈಲಿಲ್ಲ. "ನೀವು ಪ್ರೀತೀಲೇನ ಹಾಕೀರಿ ತಮ್ಮಾ. ಆದ್ರ ನಮ್ಮ ಮನೀನ ಬಿತ್ತಲ್ಲ" ಅಂದ್ರು. ಹೇರು ಹೊರೋಕೆ ಏನೂ ಇಲ್ಲದೇ ಮೂರು ದಿನ ಅಲ್ಲೇ ಇದ್ರು. ಕಡೆಗೆ ಬಾಡಿಗೆ ಟೆಂಪೋದಲ್ಲಿ ಸಾಮಾನು ಹೋಯ್ತು.

ಕುರಿ, ದನದ ಹೊಟ್ಟೆ ಬೇರೆ, ಕುದುರೆ ಹೊಟ್ಟೆ ಬೇರೆ. ಕುದುರೆ ಮೆಲುಕು ಹಾಕಲ್ಲ. ಅದರ ಜಠರ ಸಣ್ಣದು. ಮುಖ್ಯವಾಗಿ, ಅದಕ್ಕೆ ವಾಂತಿ ಮಾಡೋಕೆ ಬರಲ್ಲ. ತಿಂದದ್ದು ಕೆಟ್ಟರೂ ಒಳಗೇ ಉಬ್ಬಿ ಹೊಟ್ಟೆಶೂಲೆ ಆಗುತ್ತೆ.

* ಅನ್ನ, ಚಪಾತಿ, ಬ್ರೆಡ್, ಸಿಹಿ ತಿಂಡಿ ರಾಶಿ ಹಾಕಬೇಡಿ.
* ಬೂಸ್ಟು ಹಿಡಿದ ಗೋವಿನಜೋಳ, ಮೇವು ಕೊಡಬೇಡಿ. ಅದರ ವಿಷ ಕುದುರೆಯ ಮಿದುಳಿಗೆ ಏರುತ್ತೆ.
* ಕೋಳಿ ಆಹಾರ ಬೇಡವೇ ಬೇಡ. ಅದರಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ಸ್ವಲ್ಪವೇ ಆದ್ರೂ ಪ್ರಾಣಾಂತಿಕ. ಕೆಲವು ದನದ ಆಹಾರದಲ್ಲೂ ಇರುತ್ತೆ, ಚೀಲದ ಮೇಲೆ ಓದಿ ನೋಡಿ.
* ಕಣಗಿಲೆ ಸೊಪ್ಪು ವಿಷ. ಬೇಲಿ ಕಡಿದ ಸೊಪ್ಪನ್ನು ಬಿಡಾರದ ಹತ್ತಿರ ಎಸೆಯಬೇಡಿ.
* ಜೋಳ ಕಟಾವಾದ ಮೇಲೆ ಚಿಗುರುವ ಎಳೆ ಕುಡಿ ಕುರಿಗೆ ವಿಷ ಆಗಬಹುದು. ಅಂಥ ಹೊಲ ಇದ್ರೆ ಮೊದಲೇ ಹೇಳಿ.

ಕೊಡಲೇಬೇಕು ಅನ್ನಿಸಿದ್ರೆ ಒಣ ಹುಲ್ಲು, ಜೋಳದ ಕಣಿಕೆ, ಚೊಕ್ಕ ನೀರು ಕೊಡಿ. ಸಣ್ಣ ಕುದುರೆಗೂ ದಿನಕ್ಕೆ ಕಡಿಮೆ ಅಂದ್ರೂ 15–20 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಏನೇ ಕೊಡೋದಿದ್ರೂ ಬಿಡಾರದವರನ್ನು ಕೇಳಿ ಕೊಡಿ.

ಹೊಟ್ಟೆಶೂಲೆ ಲಕ್ಷಣ: ಕಾಲಲ್ಲಿ ನೆಲ ಕೆದರೋದು, ಹೊಟ್ಟೆ ನೋಡಿಕೊಳ್ಳೋದು, ಹೊರಳಾಡೋದು, ಬೆವರೋದು, ಲದ್ದಿ ನಿಲ್ಲೋದು. ಮೇವು ತೆಗೆದುಬಿಡಿ, ನಿಧಾನ ನಡೆಸಿ, ಪಶುವೈದ್ಯರಿಗೆ ಫೋನ್ ಮಾಡಿ. ಬಾಟಲಿಯಲ್ಲಿ ಎಣ್ಣೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದ್ರೆ ಅದೇ ಕೊಲ್ಲುತ್ತೆ.

ಯಾವ ರೋಗದ ಮೇಲೆ ಕಣ್ಣಿಡಬೇಕು?

ಒಂದು, ಧನುರ್ವಾಯು. ಕುದುರೆಗೆ ಇದು ಬಲು ಬೇಗ ತಗಲುತ್ತೆ. ಗೊರಸಿಗೆ ಮೊಳೆ, ತಂತಿ ಚುಚ್ಚಿದ್ರೆ ಇಂಜೆಕ್ಷನ್ ಹಾಕಿಸಲೇಬೇಕು. ಹಳೇ ಮೊಳೆ, ತಂತಿ ತುಂಡನ್ನು ಊರ ಹೊರಗೆ ಚೆಲ್ಲೋ ರೂಢಿ ನಾವೇ ಬಿಡಬೇಕು.

ಎರಡು, ಗ್ಲ್ಯಾಂಡರ್ಸ್. ಮೂಗಿಂದ ಗಟ್ಟಿ ಸಿಂಬಳ, ಮೂಗಿನೊಳಗೆ ಹುಣ್ಣು, ಚರ್ಮದ ಮೇಲೆ ಸಾಲಾಗಿ ಗಂಟು ಇದರ ಲಕ್ಷಣ. ಇದು ಮನುಷ್ಯರಿಗೂ ಹರಡುತ್ತೆ. ಅನುಮಾನ ಬಂದ್ರೆ ಮುಟ್ಟಬೇಡಿ, ಮುಚ್ಚಿಡಲೂ ಬೇಡಿ. ಪಶು ಆಸ್ಪತ್ರೆಗೆ ತಿಳಿಸೋದು ಕಾನೂನು ಪ್ರಕಾರ ಕಡ್ಡಾಯ.

ಅಂಗಡಿಯವರಿಗೆ ನಾಲ್ಕು ಮಾತು

* ಬಿಡಾರದವರು ಖರೀದಿ ಮಾಡೋದು ಜೋಳ, ಖಾರಪುಡಿ, ಎಣ್ಣೆ, ಚಹಾಪುಡಿ, ಸಕ್ಕರೆ, ಹಗ್ಗ, ತಾಡಪತ್ರಿ, ಬ್ಯಾಟರಿ. ಪ್ರಾಣಿಗೆ ಕಲ್ಲುಪ್ಪು, ಹುರುಳಿ. ಸೀಸನ್ನಿಗೆ ಮೊದಲು ತರಿಸಿಟ್ರೆ ವ್ಯಾಪಾರ ಆಗುತ್ತೆ.
* ಉದ್ರಿ ಕೊಡಬೇಕೋ ಬ್ಯಾಡೋ ಅನ್ನೋದು ನಿಮ್ಮ ಇಷ್ಟ. ಒಬ್ಬ ಕಿರಾಣಿ ಅಂಗಡಿಯವರು ಹೇಳಿದ್ದು: "ಈ ವರ್ಷದ್ದು ಬರೋ ವರ್ಷ ಕೊಟ್ಟು ಹೋಗ್ಯಾರ. ಊರಾಗಿನವರದ್ದ ಇನ್ನೂ ಬಾಕಿ ಐತಿ."
* ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ ಬಿಟ್ಟುಕೊಡಿ. ರಾತ್ರಿ ಕಳ್ಳರು ಬಂದ್ರೆ, ಪ್ರಾಣಿಗೆ ಆರಾಮ ತಪ್ಪಿದ್ರೆ ಅವರಿಗೆ ಇರೋದು ಅದೊಂದೇ ದಾರಿ.
* ಒಂದು ಗೇಣು ರೇಡಿಯಂ ಟೇಪ್ ಕೊಡಿ. ಕುದುರೆ ಹೇರಿನ ಹಿಂದೆ, ಎರಡು ಬದಿಗೆ ಅಂಟಿಸಿದ್ರೆ ನಸುಕಿನಲ್ಲಿ ಗಾಡಿಯವರಿಗೆ ಕಾಣುತ್ತೆ.

ಗಾಡಿ ಓಡಿಸೋರಿಗೂ ಒಂದು ಮಾತು: ಹಿಂಡು ಕಂಡ್ರೆ ಹಾರ್ನ್ ಬಾರಿಸಬೇಡಿ. ಕುದುರೆಗೆ ನೇರ ಹಿಂದಿನದು ಕಾಣಲ್ಲ. ಬೆಚ್ಚಿದ್ರೆ ಹೇರು ಸಮೇತ ರಸ್ತೆಗೇ ನುಗ್ಗುತ್ತೆ.

ಹೊಲದವರು ಮೊದಲೇ ಮಾತಾಡಿಕೊಳ್ಳಿ

ಎಷ್ಟು ರಾತ್ರಿ, ಎಷ್ಟು ಕುರಿ, ಹಣವೋ ಕಾಳೋ, ಕುದುರೆ ಎಲ್ಲಿ ಕಟ್ಟೋದು, ನೀರು ಯಾವ ಬಾವಿಯಿಂದ, ಇಷ್ಟನ್ನು ಇಬ್ಬರು ಹಿರಿಯರ ಮುಂದೆ ಮಾತಾಡಿ. ಪಕ್ಕದ ಹೊಲದವರಿಗೂ ತಿಳಿಸಿ. ಬೆಳೆ ಮೇಯ್ದ್ರೆ ನಷ್ಟ ಎಷ್ಟು ಅನ್ನೋದನ್ನು ಅಲ್ಲೇ ಕೂತು ಬಗೆಹರಿಸಿ. ಹೊಡೆದಾಟ ಬೇಡ, ಕುದುರೆ ಹಿಡಿದಿಟ್ಟುಕೊಳ್ಳೋದೂ ಬೇಡ. ಅದನ್ನು ಹಿಡಿದ್ರೆ ಒಂದು ಸಂಸಾರದ ಮನೆಗೇ ಬೀಗ ಹಾಕಿದಂಗೆ.

ಈ ನಂಬರ್ ಇಟ್ಟುಕೊಳ್ಳಿ

ಪಶು ಚಿಕಿತ್ಸಾ ವಾಹನ: 1962
ಅರಣ್ಯ ಸಹಾಯವಾಣಿ (ಕಾಡಿನ ಬೆಂಕಿ, ಕಾಡುಪ್ರಾಣಿ): 1926
ಪೊಲೀಸ್, ತುರ್ತು: 112

ಈ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಅಂಗಡಿಗೆ ಬರೋ ಬಿಡಾರದವರ ಕೈಗೆ ಕೊಡಿ. ಓದೋಕೆ ಬರದವರಿದ್ರೆ ಅವರ ಮೊಬೈಲಲ್ಲಿ ಸೇವ್ ಮಾಡಿಕೊಡಿ. ಆ ರಾತ್ರಿ ನಮ್ಮೂರಲ್ಲಿ 1962 ಅನ್ನೋ ನಂಬರ್ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಡಾಕ್ಟರ್ ಎರಡು ತಾಸು ಮೊದಲೇ ಬರ್ತಿದ್ರೋ ಏನೋ.