ಪ್ಲೇಗು, ಇಲಿ ಮತ್ತು ಅಪ್ಪನ ಪ್ರಶ್ನೆ

2021ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯಿಂದ ಅಪ್ಪ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಹಾಕಲು ಆಗಷ್ಟೇ ಶುರು ಮಾಡಿದ್ದರು. ಅಪ್ಪನಿಗೆ ಆಗ ಎಪ್ಪತ್ತಮೂರು. ಹಾಕಿಸಿಕೊಂಡಿರಾ ಎಂದು ಮುಂಬೈಯಿಂದ ನಾನು ವಿಚಾರಿಸಿದ್ದಕ್ಕೆ ಅವರು ಹೇಳಿದ್ದು ಇಷ್ಟು:

"ಅಲ್ಲೋ, ಹೋದ ವರ್ಷ ಹಾಲಿನ ಪಾಕೀಟು ಸೋಪು ಹಚ್ಚಿ ತೊಳೀರಿ ಅಂದ್ರು, ತೊಳದ್ವಿ. ಕೋತಂಬ್ರಿ ಉಪ್ಪಿನ ನೀರಾಗ ಅದ್ದಿ ಇಟ್ವಿ. ಈಗ ಅದೇನೂ ಬ್ಯಾಡ, ಗಾಳಿಯಿಂದನ ಬರ್ತದ ಅಂತಾರ. ನಾಳೆ ಈ ಸೂಜಿನೂ ತಪ್ಪಾಗಿತ್ತು ಅಂದ್ರ ಯಾರನ್ನ ಹೋಗಿ ಕೇಳೂದು?"

"ಅಪ್ಪಾ, ವಿಜ್ಞಾನಾನ ನಂಬಬೇಕ್ರಿ" ಎಂದೆ.

"ನಂಬೂದು ದೇವ್ರನ್ನ. ಇದನ್ನ ಹಚ್ಚಿ ನೋಡಬೇಕು" ಎಂದು ಫೋನ್ ಇಟ್ಟರು.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗೇಜು ಹಚ್ಚಿ ನೋಡದೆ ಯಾವ ಭಾಗವನ್ನೂ ಸರಿಯಿದೆ ಎಂದವರಲ್ಲ. ಅವರ ಮಾತು ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಸಾರಿದ್ದ ವಿಶ್ವ ಆರೋಗ್ಯ ಸಂಸ್ಥೆಯೇ ಮರುವರ್ಷ ಗಾಳಿಯ ಮೂಲಕವೂ ಹರಡಬಹುದು ಎಂದು ಒಪ್ಪಿಕೊಂಡಿತು. ಹಾಗಾದರೆ ವಿಜ್ಞಾನಿಗಳ ಮಾತನ್ನು ಎಷ್ಟು ನಂಬಬೇಕು, ಎಷ್ಟು ಅನುಮಾನಿಸಬೇಕು?

ನಾನು ಆಫೀಸಿಗೆ ಹೋಗುವ ದಾರಿಯಲ್ಲಿ, ಪರೇಲಿನಲ್ಲಿ, ಹಾಫ್‌ಕಿನ್ ಸಂಸ್ಥೆಯ ಗೇಟು ಸಿಗುತ್ತದೆ. ಒಂದು ಕಾಲಕ್ಕೆ ಮುಂಬೈ ಗವರ್ನರರ ಬಂಗಲೆಯಾಗಿದ್ದ ಕಟ್ಟಡ ಅದು. 1899ರಲ್ಲಿ ಅಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ವರ್ಷಗಟ್ಟಲೆ ಆ ಗೇಟಿನ ಮುಂದೆ ಓಡಾಡಿಯೂ ಒಳಗಿನ ಕತೆ ನನಗೆ ಗೊತ್ತಿರಲಿಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ಕಾಲದ ಪ್ಲೇಗಿನ ಬಗ್ಗೆ ಓದತೊಡಗಿದೆ. ನನ್ನ ಊರೂ ಆ ಕತೆಯೊಳಗೆ ಇದೆ ಎಂಬುದು ಆಮೇಲೆ ತಿಳಿಯಿತು.

1896ರ ಸೆಪ್ಟೆಂಬರ್. ಬಂದರಿನ ಪಕ್ಕದ ಮಾಂಡ್ವಿಯಲ್ಲಿ, ಧಾನ್ಯದ ಗೋದಾಮುಗಳ ನಡುವೆ, ಜನ ಜ್ವರ ಬಂದು ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸಾಯತೊಡಗಿದರು. ಇದು ಪ್ಲೇಗು ಎಂದು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೋ ವಿಯೆಗಸ್. ಎರಡು ವರ್ಷದ ಹಿಂದೆಯಷ್ಟೇ, 1894ರಲ್ಲಿ, ಹಾಂಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದ. ಸತ್ತ ಇಲಿಗಳಲ್ಲಿಯೂ ಅದೇ ರೋಗಾಣುವನ್ನು ನೋಡಿದ್ದ. ರೋಗಕ್ಕೆ ಕಾರಣ ಯಾವುದು ಎಂಬುದು ವಿಜ್ಞಾನಕ್ಕೆ ಗೊತ್ತಿತ್ತು. ಅದು ಒಬ್ಬರಿಂದ ಇನ್ನೊಬ್ಬರಿಗೆ ಬರುವ ದಾರಿ ಮಾತ್ರ ಗೊತ್ತಿರಲಿಲ್ಲ.

ಗೊತ್ತಿಲ್ಲದ ಆ ಜಾಗವನ್ನು ಸರ್ಕಾರ ಹಳೆಯ ಸಿದ್ಧಾಂತದಿಂದ ತುಂಬಿತು. ಕೊಳಕು, ಕೆಟ್ಟ ಗಾಳಿ, ತೇವದ ನೆಲ, ರೋಗಿಯ ಬಟ್ಟೆಬರೆ, ಇವೇ ಕಾರಣ ಎಂದುಕೊಂಡು ಚರಂಡಿಗಳಿಗೆ ದಿನವೂ ಲಕ್ಷಾಂತರ ಗ್ಯಾಲನ್ ಸಮುದ್ರದ ನೀರು ಮತ್ತು ಕಾರ್ಬಾಲಿಕ್ ಆಮ್ಲ ಸುರಿದರು. ಬೆಳಕು ಬೀಳಲೆಂದು ಮನೆಗಳ ಹೆಂಚು ಕಿತ್ತರು, ಗೋಡೆಗೆ ಸುಣ್ಣ ಬಳಿದರು, ಹಾಸಿಗೆ ಸುಟ್ಟರು. ವಾಸಕ್ಕೆ ಯೋಗ್ಯವಲ್ಲದ ಮನೆಗಳ ಬಾಗಿಲ ಮೇಲೆ 'ಯು.ಎಚ್.ಎಚ್.' ಎಂದು ಮೂರು ಅಕ್ಷರ ಬರೆದು ಹೋದರು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ದರು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧ ಮಾಡಿದರು. ಆ ಸಿಟ್ಟೇ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸುವುದರಲ್ಲಿ ಮುಗಿಯಿತು.

ಜನರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆಸ್ಪತ್ರೆಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಆದರೆ ಅನುಮಾನ ಅಷ್ಟಕ್ಕೇ ನಿಲ್ಲಲಿಲ್ಲ. ರೋಗಿಯ ದೇಹದಿಂದ ಎಣ್ಣೆ ತೆಗೆಯುತ್ತಾರೆ ಎಂಬ ವದಂತಿ ಹಬ್ಬಿತು. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಗುಂಪು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಇದೇ ಜನರಲ್ಲಿ ಸರ್ಕಾರಕ್ಕೆ ಇಲ್ಲದ ಒಂದು ತಿಳಿವಳಿಕೆಯೂ ಇತ್ತು: ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಡಬೇಕು. ಕುಮಾಂವು, ಗಢವಾಲದ ಗುಡ್ಡಗಾಡಿನವರು ಇದನ್ನು ಬಹಳ ಹಿಂದಿನಿಂದ ಪಾಲಿಸಿಕೊಂಡು ಬಂದಿದ್ದರು. ನಮ್ಮ ಕಡೆಯೂ ಪ್ಲೇಗ್ ಬಂದಾಗ ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕತೆಗಳನ್ನು ಕೇಳಿಯೇ ಬೆಳೆದವರು ನಾವು. 'ಸಂಸ್ಕಾರ' ಓದಿದವರಿಗೆ ಅಗ್ರಹಾರದಲ್ಲಿ ಸತ್ತು ಬೀಳುವ ಇಲಿಗಳು ನೆನಪಿರುತ್ತವೆ. ಒಂದೇ ಜನರು ಒಂದು ವಿಷಯದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಎರಡನ್ನೂ ಬೇರ್ಪಡಿಸಿ ನೋಡುವ ಪುರುಸೊತ್ತು ಅಧಿಕಾರಿಗಳಿಗೆ ಇರಲಿಲ್ಲ.

ಇದರ ನಡುವೆ ವಾಲ್ಡೆಮಾರ್ ಹಾಫ್‌ಕಿನ್ ಮುಂಬೈಗೆ ಬಂದ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸಿನ ಪ್ಯಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಿಕ್ಕ ಸ್ವಲ್ಪ ಜಾಗದಲ್ಲಿ ಮೂರು ತಿಂಗಳು ದುಡಿದು ಲಸಿಕೆ ತಯಾರಿಸಿದ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಅಲ್ಲಿಯ ಮುನ್ನೂರಕ್ಕೂ ಮೇಲ್ಪಟ್ಟ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಂದೆ ಬಂದು ಲಸಿಕೆ ಪಡೆದರು. ಪಡೆಯದವರಲ್ಲಿ 12 ಮಂದಿಗೆ ರೋಗ ಬಂತು, 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂತು, ಯಾರೂ ಸಾಯಲಿಲ್ಲ. ಅದೇ ಗೋಡೆ, ಅದೇ ಊಟ, ಅದೇ ಗಾಳಿ, ಲಸಿಕೆಯೊಂದೇ ವ್ಯತ್ಯಾಸ. ಇದನ್ನು ಓದಿದಾಗ ಅಪ್ಪನ 'ಹಚ್ಚಿ ನೋಡಬೇಕು' ನೆನಪಾಯಿತು.

ದಾರಿಯ ಪ್ರಶ್ನೆ ಹಾಗೇ ಉಳಿದಿತ್ತು. ಪ್ಯಾಶ್ಚರ್ ಸಂಸ್ಥೆಯವನೇ ಆದ ಪೌಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ ಮುಂಬೈಯಲ್ಲಿ ರೋಗಿಗಳನ್ನು ನೋಡುತ್ತಿದ್ದಾಗ ಕೆಲವರ ಚರ್ಮದ ಮೇಲೆ ಚಿಕ್ಕ ಬೊಕ್ಕೆಗಳನ್ನು ಗಮನಿಸಿದ. ಕೀಟ ಕಚ್ಚಿದ ಗುರುತಿನಂತೆ ಕಂಡವು. ಒಳಗೆ ಪ್ಲೇಗಿನ ರೋಗಾಣು ಇತ್ತು. 1898ರ ಜೂನ್ 2ರಂದು ಕರಾಚಿಯಲ್ಲಿ ಅವನು ಒಂದು ಗಾಜಿನ ಜಾಡಿಯಲ್ಲಿ ಚಿಗಟಗಳಿದ್ದ ರೋಗಗ್ರಸ್ತ ಇಲಿಯನ್ನು ಬಿಟ್ಟ. ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ತಂತಿಯ ಪಂಜರದಲ್ಲಿ ಇಟ್ಟು, ಮೊದಲ ಇಲಿಯನ್ನು ಮುಟ್ಟದಂತೆ ಅದೇ ಜಾಡಿಯೊಳಗೆ ಇಳಿಸಿದ. ಮೊದಲನೆಯದು ಸತ್ತಿತು. ಕೆಲವು ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದಲೇ ಸತ್ತಿತು. ದಾಟಿ ಹೋಗಬಲ್ಲದ್ದು ಚಿಗಟ ಮಾತ್ರ.

ಯಾರೂ ಒಪ್ಪಲಿಲ್ಲ. ಆಗ ದೇಶ ಸುತ್ತುತ್ತಿದ್ದ ಸರ್ಕಾರಿ ಪ್ಲೇಗ್ ಆಯೋಗ ಸಿಮೋನನ ವಾದವನ್ನು ಬದಿಗೆ ಸರಿಸಿತು. ನ್ಯಾಯವಾಗಿ ಹೇಳಬೇಕೆಂದರೆ, ಆ ಅನುಮಾನಕ್ಕೆ ಕಾರಣಗಳಿದ್ದವು. ಅವನ ಪ್ರಯೋಗಗಳ ಸಂಖ್ಯೆ ಕಡಿಮೆ. ಬೇರೆ ಕೆಲವರು ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಇಲಿಯ ಚಿಗಟ ಮನುಷ್ಯರನ್ನು ಕಚ್ಚುವುದೇ ಇಲ್ಲ ಎಂದು ಯೂರೋಪಿನಲ್ಲಿ ವಾದಿಸುವವರಿದ್ದರು. ಅನುಮಾನ ಪಟ್ಟದ್ದು ತಪ್ಪಲ್ಲ. ಅನುಮಾನ ಪಟ್ಟು ಕೈಕಟ್ಟಿ ಕೂತದ್ದು ತಪ್ಪು. ಬಟ್ಟೆ, ನೆಲ, ಗಾಳಿಯ ಸಿದ್ಧಾಂತಗಳಿಗೆ ಸಿಮೋನನಷ್ಟೂ ಆಧಾರವಿರಲಿಲ್ಲ. ಆದರೆ ಅವು ಹಳೆಯವು, ಪರಿಚಿತವಾದವು. ಅವಕ್ಕೆ ಯಾರೂ ಗೇಜು ಹಚ್ಚಿ ನೋಡಲಿಲ್ಲ. ಹೊಸದನ್ನು ಮಾತ್ರ ಅನುಮಾನಿಸಿ ಹಳೆಯದನ್ನು ಹಾಗೇ ಬಿಡುವುದಕ್ಕೆ ಅನುಮಾನ ಎನ್ನಲಾಗದು, ಅದು ರೂಢಿ.

ಕೊನೆಗೆ ಹಚ್ಚಿ ನೋಡಿದ್ದು ಪರೇಲಿನ ಇದೇ ಪ್ರಯೋಗಾಲಯದಲ್ಲಿ. 1905ರಲ್ಲಿ ಕೆಲಸ ಶುರುಮಾಡಿದ ಹೊಸ ಆಯೋಗದಲ್ಲಿ ಗ್ಲೆನ್ ಲಿಸ್ಟನ್ ಎಂಬ ವೈದ್ಯನಿದ್ದ. ಅವರ ಪ್ರಯೋಗ ಎಷ್ಟು ಸರಳ ಎಂದರೆ ಶಾಲೆಯ ಮಕ್ಕಳಿಗೂ ಹೇಳಬಹುದು. ಪ್ಲೇಗ್ ಇರುವ ಕೋಣೆಯಲ್ಲಿ ಗಿನಿಯಿಲಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟರು: ಕೆಲವು ನೆಲದ ಮೇಲೆ, ಕೆಲವು ನೆಲದಿಂದ ಎರಡು ಅಂಗುಲ ಮೇಲೆ, ಕೆಲವು ಎರಡು ಅಡಿ ಮೇಲೆ. ಎಲ್ಲವೂ ಉಸಿರಾಡಿದ್ದು ಒಂದೇ ಗಾಳಿ. ನೆಲದ ಮೇಲಿನವಕ್ಕೆ ರೋಗ ಬಂತು, ಎರಡು ಅಂಗುಲದಲ್ಲಿದ್ದವಕ್ಕೂ ಬಂತು. ಎರಡು ಅಡಿ ಮೇಲಿದ್ದವು ಉಳಿದುಕೊಂಡವು. ಇಲಿಯ ಚಿಗಟ ಸುಮಾರು ನಾಲ್ಕು ಅಂಗುಲಕ್ಕಿಂತ ಮೇಲೆ ನೆಗೆಯಲಾರದು. ಕೆಟ್ಟ ಗಾಳಿಯ ಸಿದ್ಧಾಂತ ಬಿದ್ದದ್ದು ಈ ಎರಡು ಅಡಿಯಲ್ಲಿ.

ಸಿಮೋನನ ಜಾಡಿಯಿಂದ ಇಲ್ಲಿಗೆ ಬರಲು ಏಳೆಂಟು ವರ್ಷ ಹಿಡಿಯಿತು. ಚಿಗಟವನ್ನು ಒಪ್ಪಿಕೊಂಡ ಮಾತ್ರಕ್ಕೆ ಪ್ಲೇಗು ನಿಲ್ಲಲಿಲ್ಲ ಎಂಬುದೂ ನಿಜ. 1907ರ ಒಂದೇ ವರ್ಷ ದೇಶದಲ್ಲಿ ಸುಮಾರು 13 ಲಕ್ಷ ಜನ ಸತ್ತರು. ಆದರೆ ಅಲ್ಲಿಂದ ಮುಂದೆ ಯಾವುದಕ್ಕೆ ಖರ್ಚು ಮಾಡಬೇಕು, ಯಾರ ಮನೆಯ ಹೆಂಚು ಕೀಳಬೇಕಾಗಿಲ್ಲ ಎಂಬುದಾದರೂ ತಿಳಿಯಿತು.

ಇನ್ನು ಹಾಫ್‌ಕಿನ್‌ಗೆ ಆದದ್ದು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ, ಅದರ ಸಂಖ್ಯೆ 53ಎನ್. ಅದೇ ದಿನ ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ವಿಚಾರಣೆ ನಡೆಸಿದವರು ತಪ್ಪು ಪ್ರಯೋಗಾಲಯದ್ದೇ ಎಂದರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಲಾಗಿತ್ತು ಎಂಬ ಸಂಗತಿ ಮೂಲೆಯಲ್ಲೇ ಉಳಿಯಿತು. 1907ರಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ದನಿಯೆತ್ತಿದ ಮೇಲೆ ಅವನು ನಿರ್ದೋಷಿ ಎಂದಾಯಿತು. ಮತ್ತೆ ಕೆಲಸ ಸಿಕ್ಕಿತು, ಆದರೆ ಕಲ್ಕತ್ತೆಯಲ್ಲಿ. ಪರೇಲಿನ ಪ್ರಯೋಗಾಲಯಕ್ಕೆ ಅವನ ಹೆಸರಿಟ್ಟದ್ದು 1925ರಲ್ಲಿ.

ಮುಲ್ಕೋವಾಲಿನ 19 ಜನರ ಮನೆಯವರಿಗೆ ಲಸಿಕೆಯ ಸಿದ್ಧಾಂತ ಸರಿಯಿತ್ತು, ಇಕ್ಕಳ ಮಾತ್ರ ತಪ್ಪಿತ್ತು ಎಂದು ಹೇಳಿದರೆ ಏನು ಸಮಾಧಾನ? ಅವರ ಅನುಮಾನವನ್ನು ಅಜ್ಞಾನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಸಿದ್ಧಾಂತದ ತಪ್ಪು ಬೇರೆ, ಕೈಯ ತಪ್ಪು ಬೇರೆ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಬರೆದರೆ ಎರಡೂ ತಿದ್ದುವುದಿಲ್ಲ.

ತಪ್ಪು ಸಿದ್ಧಾಂತದಿಂದ ಬಂದದ್ದೆಲ್ಲ ವ್ಯರ್ಥವಾಯಿತೆಂದೂ ಅಲ್ಲ. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಓಣಿಗಳೇ ಪ್ಲೇಗಿಗೆ ಕಾರಣ ಎಂದುಕೊಂಡು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿದರು. ಅಗಲ ರಸ್ತೆ, ಗಿಡಮರಗಳ ದಾದರ್, ಮಾಟುಂಗಾ ಬಡಾವಣೆಗಳು ಅದರ ಯೋಜನೆಗಳು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗುವ ನಾವು ನಡೆಯುವುದು ಆ ಸಿದ್ಧಾಂತದ ನೆರಳಲ್ಲೇ. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಚುರುಕಾಗಿ ಬೆಳೆದದ್ದೂ ಇದೇ ಕತೆ.

ಓದುತ್ತಾ ಹೋದಂತೆ ಸಿಕ್ಕಿದ್ದು ಹುಬ್ಬಳ್ಳಿ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಡಿದಾಗ ಅಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್‌ನ ಲಸಿಕೆ ಹಾಕಿಸಿಕೊಂಡರು. ದೇಶದಲ್ಲೇ ದೊಡ್ಡ ಪ್ರಮಾಣದ ಲಸಿಕೆಯ ಕೆಲಸ ನಡೆದ ಮೊದಲ ಊರುಗಳಲ್ಲಿ ಅದೂ ಒಂದು. ಅಕ್ಕಪಕ್ಕದ ಮನೆಗಳಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದನ್ನು ಜನ ಕಣ್ಣಾರೆ ನೋಡುತ್ತಿದ್ದರು.

ಇದನ್ನು ಅಪ್ಪನಿಗೆ ಹೇಳಿದೆ. ಜೈಲಿನ ಲೆಕ್ಕ, ಎರಡು ಅಡಿಯ ಪಂಜರ, ನೆಲಕ್ಕೆ ಬಿದ್ದ ಇಕ್ಕಳ, ಒಂದನ್ನೂ ಮುಚ್ಚಿಡಲಿಲ್ಲ. ಈ ಸಲ ನಂಬಿರಿ ಎನ್ನಲಿಲ್ಲ. ಯಾವುದನ್ನು ಹಚ್ಚಿ ನೋಡಿದ್ದಾರೆ, ಯಾವುದು ಇನ್ನೂ ಅಂದಾಜು ಎಂದು ಬಿಡಿಸಿ ಹೇಳಿದೆ. ಹಾಲಿನ ಪಾಕೀಟು ತೊಳೆಯುವುದು ಅಂದಾಜು. ಲಸಿಕೆಯನ್ನು ಸಾವಿರಾರು ಜನರ ಮೇಲೆ, ಪಡೆದವರು ಪಡೆಯದವರು ಎಂದು ಎರಡು ಗುಂಪು ಮಾಡಿ, ಹೋಲಿಸಿ ನೋಡಿದ್ದಾರೆ. ಎರಡನ್ನೂ ಹೇಳಿದವರು ಒಂದೇ ದನಿಯಲ್ಲಿ ಹೇಳಿದ್ದು ಅವರ ತಪ್ಪು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅದು ನಮ್ಮ ತಪ್ಪು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಆಯಿ ಹೇಳ್ತಿದ್ಲು, ಇಲಿ ಬಿದ್ದ ಕೂಡ್ಲೆ ಹೊಲಕ್ಕ ಹೋಗಿ ಇದ್ವಿ ಅಂತ. ಸೂಜಿ ಸುದ್ದಿ ಮಾತ್ರ ಎಂದೂ ಹೇಳಿರಲಿಲ್ಲ ನೋಡು" ಎಂದರು.

ಏಪ್ರಿಲ್ ಮೊದಲ ವಾರ ಹೋಗಿ ಹಾಕಿಸಿಕೊಂಡು ಬಂದರು. ಬಾಟಲಿಯನ್ನು ತಮ್ಮ ಎದುರಿಗೇ ತೆರೆಯಬೇಕು ಎಂದು ನರ್ಸಮ್ಮನನ್ನು ಕೇಳಿಕೊಂಡರಂತೆ. ಆಕೆ ನಗುತ್ತಾ ತೋರಿಸಿದಳಂತೆ. ಬ್ಯಾಚ್ ನಂಬರನ್ನು ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ, ಗ್ಯಾಸ್ ಸಿಲಿಂಡರ್ ಬಂದ ತಾರೀಖುಗಳ ಪಕ್ಕದಲ್ಲೇ ಅದೂ ಇತ್ತು.