ಡಾ. ಹರ್ಡೀಕರರೂ ತರುಣರ ಶಿಸ್ತೂ

ತರುಣರನ್ನು ಕೂಡಿಸುವ ಕೆಲಸ ನಮ್ಮ ದೇಶದಲ್ಲಿ ಎಂದೂ ಕಷ್ಟವಾಗಿಲ್ಲ. ಒಂದು ಮೆರವಣಿಗೆ, ಒಂದು ಜಯಘೋಷ, ಒಬ್ಬ ಒಳ್ಳೆಯ ಭಾಷಣಕಾರ, ಇಷ್ಟಿದ್ದರೆ ಸಾಕು. ಹಾಗೆ ಕೂಡಿದವರನ್ನು ಮರುದಿನ ಬೆಳಿಗ್ಗೆ ಯಾವ ಕೆಲಸಕ್ಕೆ ಹಚ್ಚಬೇಕು, ಅವರಿಂದ ಎಷ್ಟನ್ನು ಕೇಳಬಹುದು, ಕೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಂದಾಗಲೇ ಮುಂದಾಳುಗಳು ತಡವರಿಸುವುದು. ಈ ಪ್ರಶ್ನೆಯನ್ನು ಜೀವಮಾನವಿಡೀ ಬಿಡದೆ ಹಿಡಿದು, ಅದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡ ಕನ್ನಡ ನಾಡಿನವರೊಬ್ಬರಿದ್ದರು: ಡಾ. ನಾರಾಯಣ ಸುಬ್ಬರಾವ ಹರ್ಡೀಕರರು. ಹೆಸರಿನ ಹೋಲಿಕೆಯಿಂದ ಕೆಲವರು ಇವರನ್ನು ‘ಕರ್ನಾಟಕದ ಗಾಂಧಿ’ ಹರ್ಡೇಕರ ಮಂಜಪ್ಪನವರೊಡನೆ ಬೆರೆಸಿಬಿಡುವುದುಂಟು. ಇಬ್ಬರೂ ತರುಣರಿಗಾಗಿ ದುಡಿದವರೇ. ಆದರೆ ದಾರಿಗಳು ಬೇರೆ.

ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಲಕತ್ತೆಯಲ್ಲಿ ವೈದ್ಯವನ್ನು ಕಲಿತು, ಮುಂದೆ ಅಮೆರಿಕಾಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಅಲ್ಲಿಯೇ ಲಾಲಾ ಲಜಪತರಾಯರ ಸಹವಾಸ ದೊರೆಯಿತು; ಲಾಲಾಜಿ ಅಲ್ಲಿ ನಡೆಸುತ್ತಿದ್ದ ಹೋಮ್‌ರೂಲ್ ಪ್ರಚಾರದಲ್ಲಿ ಇವರು ಬಲಗೈಯಾಗಿ ನಿಂತರು. 1921ರಲ್ಲಿ ಸ್ವದೇಶಕ್ಕೆ ಮರಳಿ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಆರೋಗ್ಯಶಾಸ್ತ್ರವನ್ನು ಓದಿದ್ದು ಅವರ ಮುಂದಿನ ಕೆಲಸಕ್ಕೆ ಸಣ್ಣ ಕಾರಣವಲ್ಲವೆಂದು ನನಗೆ ತೋರುತ್ತದೆ. ಬೇನೆ ಬಂದ ಮೇಲೆ ಔಷಧ ಕೊಡುವುದು ಸಾಮಾನ್ಯ ವೈದ್ಯನ ಕೆಲಸ. ಬೇನೆ ಬಾರದಂತೆ ಊರಿನ ನೀರು, ಗಟಾರ, ನಡೆವಳಿಕೆಗಳನ್ನು ಮೊದಲೇ ತಿದ್ದುವುದು ಆರೋಗ್ಯಶಾಸ್ತ್ರಜ್ಞನ ಕೆಲಸ. ಹರ್ಡೀಕರರು ಜನಸಮೂಹದ ಗೊಂದಲವನ್ನೂ ಇದೇ ಕಣ್ಣಿನಿಂದ ಕಂಡರು.

ಆಗಿನ ಕಾಲದಲ್ಲಿ ಇದನ್ನು ಕಾಣದಿರುವುದು ಸಾಧ್ಯವೂ ಇರಲಿಲ್ಲ. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ರೊಚ್ಚಿಗೆದ್ದ ಗುಂಪು ಪೋಲೀಸು ಠಾಣೆಗೆ ಬೆಂಕಿಯಿಟ್ಟಿತು. 22 ಪೋಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಆ ಗುಂಪಿನಲ್ಲಿ ಸ್ವಯಂಸೇವಕರೆಂದು ಹೆಸರು ಬರೆಸಿಕೊಂಡವರೂ ಇದ್ದರು. ಹೆಸರು ಬರೆಸಿದ ಮಾತ್ರಕ್ಕೆ ಸ್ವಯಂಸೇವಕನಾಗುವನೇ ಎಂಬ ಸಂಶಯ ದೇಶದಲ್ಲೆಲ್ಲ ಹುಟ್ಟಿತು.

ಮರುವರ್ಷ ನಾಗಪುರದಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ರಾಷ್ಟ್ರಧ್ವಜ ಹಿಡಿದು ನಡೆದವರನ್ನು ಸರಕಾರ ಹಿಡಿದು ಸೆರೆಮನೆಗೆ ತುಂಬಿತು. ಸಾವಿರಕ್ಕೂ ಮಿಕ್ಕಿದ ಜನ ಒಳಗೆ ಹೋದರು. ಸೆರೆಮನೆಯ ಕಾಠಿಣ್ಯ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಿದ್ದರು. ಹರ್ಡೀಕರರೊಡನೆ ಹೋಗಿದ್ದ ಹುಬ್ಬಳ್ಳಿ ಸೇವಾಮಂಡಲದ ತರುಣರು ಮಾತ್ರ ಬರೆದುಕೊಡಲಿಲ್ಲ. ಈ ಸುದ್ದಿ ದೇಶದ ಗಮನವನ್ನು ಹುಬ್ಬಳ್ಳಿಯ ಕಡೆಗೆ ತಿರುಗಿಸಿತು. ಹುಬ್ಬಳ್ಳಿಯ ಹುಡುಗರು ಬೇರೆಯವರಿಗಿಂತ ಹೆಚ್ಚು ದೇಶಭಕ್ತರಾಗಿದ್ದರೆಂದು ನಾನು ಹೇಳಲಾರೆ. ಅವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಹೊತ್ತಿಗೆ ಸರಿಯಾಗಿ ಏಳುವುದು, ಕೂಡಿ ಕೆಲಸ ಮಾಡುವುದು ರೂಢಿಯಾಗಿತ್ತು. ರೂಢಿಯಿದ್ದವನಿಗೆ ಧೈರ್ಯವನ್ನು ಆ ಕ್ಷಣದಲ್ಲಿ ಹೊಸದಾಗಿ ಹುಡುಕಬೇಕಾಗುವುದಿಲ್ಲ.

1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕೂಡಿದ ಕಾಂಗ್ರೆಸ್ಸಿನ ಸಮಯದಲ್ಲಿ ಹರ್ಡೀಕರರು ಹಿಂದುಸ್ತಾನೀ ಸೇವಾದಳಕ್ಕೆ ಅಸ್ತಿವಾರ ಹಾಕಿದರು. ಜವಾಹರಲಾಲ ನೆಹರೂ ಒತ್ತಾಸೆಯಾಗಿ ನಿಂತು ಅಧ್ಯಕ್ಷರಾದರು. ತರುಣರ ಸಂಘಟನೆಗೆ ದೇಶದಲ್ಲಿ ಬೇರೆ ಮಾದರಿಗಳೂ ಇದ್ದವು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿ ಆರಂಭಿಸಿದ ಬಾಲಚರ ಪದ್ಧತಿ ಇಲ್ಲಿಗೂ ಬಂದಿತ್ತು. ಭಾರತೀಯ ಹುಡುಗರಿಗೆ ಮೊದಮೊದಲು ಅದರಲ್ಲಿ ಪ್ರವೇಶವಿರಲಿಲ್ಲವಾದ ಕಾರಣ ಆನಿ ಬೆಸೆಂಟ್ 1917ರಲ್ಲಿ ಮದರಾಸಿನಲ್ಲಿ ಬೇರೆಯೇ ಸಂಘ ಕಟ್ಟಿದ್ದರು. ಆಟದ ಮೂಲಕ ಕಲಿಸುವುದು, ಸಣ್ಣ ಗುಂಪಿಗೆ ಹುಡುಗನನ್ನೇ ನಾಯಕನನ್ನಾಗಿ ಮಾಡುವುದು ಆ ಪದ್ಧತಿಯ ಹೆಚ್ಚಳ. ಆದರೆ ಪೊವೆಲ್ಲರ ಬಾಲಚರನು ತೊಡುವ ಪ್ರತಿಜ್ಞೆಯಲ್ಲಿ ರಾಜನಿಷ್ಠೆ ಸೇರಿತ್ತು. ಆ ಪ್ರತಿಜ್ಞೆ ಮಾಡಿ ಆ ರಾಜನ ಸೆರೆಮನೆಗೆ ಹೋಗುವುದು ಹೇಗೆ?

ಹೊರಗಿನ ಮಾತಿರಲಿ, ಸೇವಾದಳಕ್ಕೆ ವಿರೋಧ ಬಂದದ್ದು ಮನೆಯೊಳಗಿನಿಂದಲೇ. ಕವಾಯತು, ಸಮವಸ್ತ್ರ, ಕಹಳೆ ಇವನ್ನು ಕಂಡು ಕಾಂಗ್ರೆಸ್ಸಿನ ಹಲವು ಹಿರಿಯರು ಹುಬ್ಬು ಗಂಟಿಕ್ಕಿದರು. ಇದು ಸೈನ್ಯದ ಬೀಜ, ನಾಳೆ ಇದೇ ನಮ್ಮನ್ನು ಆಳೀತು ಎಂದರು ಕೆಲವರು. ಹೆಜ್ಜೆ ಕೂಡಿಸಿ ನಡೆಯುವುದೇ ಅಹಿಂಸೆಗೆ ಸಲ್ಲದೆಂದು ಕೆಲವರಿಗೆ ಅನ್ನಿಸಿತು. ಮೇಲಿನವರ ಅಪ್ಪಣೆ ಪಾಲಿಸಿದರೆ ಸಾಕು, ಅದಕ್ಕೆ ತರಬೇತಿ ಏತಕ್ಕೆ ಎಂದು ಕೇಳಿದವರೂ ಇದ್ದರು. ನೆಹರೂ ಈ ವಿರೋಧವನ್ನು ತಮ್ಮ ಆತ್ಮಕಥೆಯಲ್ಲಿ ನಸುನಗೆಯೊಡನೆ ನೆನೆದಿದ್ದಾರೆ. ತರಬೇತಾದ ಸ್ವಯಂಸೇವಕನು ಹೆಚ್ಚು ಅಹಿಂಸಾವಂತನಾಗಿರಬಲ್ಲನೆಂಬುದನ್ನು ಹರ್ಡೀಕರರು ವರುಷಗಳ ತಾಳ್ಮೆಯಿಂದ ತೋರಿಸಿಕೊಟ್ಟರೆಂದೂ ಒಪ್ಪಿದ್ದಾರೆ. ಈ ವಾದದಲ್ಲಿ ನಾನು ಹರ್ಡೀಕರರ ಕಡೆಯವನು. ಲಾಠಿ ಎತ್ತಿದಾಗ ತಿರುಗಿ ಕಲ್ಲೆಸೆಯುವವನು ಬಹುಮಟ್ಟಿಗೆ ಹೆದರಿದವನು. ಪಕ್ಕದವನು ನಿಂತೇ ಇರುತ್ತಾನೆಂಬ ಭರವಸೆ ಇರುವವನು ಕಲ್ಲಿಗೆ ಕೈಹಾಕುವುದಿಲ್ಲ.

ಈ ನೀತಿಗೆ ಒರೆಗಲ್ಲಾದುದು 1924ರ ಬೆಳಗಾವಿ ಕಾಂಗ್ರೆಸ್ಸು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ಗಂಗಾಧರರಾವ ದೇಶಪಾಂಡೆಯವರು ಅದರ ಭಾರ ಹೊತ್ತವರು. ಬಯಲಿನಲ್ಲಿ ಒಂದು ಊರೇ ಎದ್ದಿತು, ಅದಕ್ಕೆ ವಿಜಯನಗರವೆಂದು ಹೆಸರು. ಸಾವಿರಾರು ಜನಕ್ಕೆ ನೀರು, ಊಟ, ದಾರಿ, ದೀಪ ಎಲ್ಲವನ್ನೂ ಸ್ವಯಂಸೇವಕರು ನೋಡಿಕೊಂಡರು. ಅದರಲ್ಲಿ ಹೆಚ್ಚಿನ ಮಾತು ಶೌಚದ್ದು. ಅಂದಿನ ಸಮಾಜ ಒಂದು ಜಾತಿಯ ತಲೆಗೆ ಕಟ್ಟಿದ್ದ ಮಲ ಬಳಿಯುವ ಕೆಲಸಕ್ಕೆ ಇಲ್ಲಿ ಮೇಲುಜಾತಿಯ ಸ್ವಯಂಸೇವಕರೇ ನಿಂತರು. ಮೆರವಣಿಗೆಯಲ್ಲಿ ಧ್ವಜ ಹಿಡಿಯಲು ಹುಡುಗರು ನಾ ಮುಂದೆ ತಾ ಮುಂದೆ ಎಂದು ಬರುತ್ತಾರೆ. ಪೊರಕೆ, ಬುಟ್ಟಿ ಹಿಡಿಯುವಾಗ ಗೊತ್ತಾಗುತ್ತದೆ ಕವಾಯತು ಎಲ್ಲಿಯವರೆಗೆ ಇಳಿದಿದೆಯೆಂಬುದು.

ಬೆಳಗಾವಿಯಲ್ಲಿ ಇನ್ನೊಂದು ಹೊಸತು ನಡೆಯಿತು. ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಿಕೆಯರನ್ನಾಗಿ ತಂದು ನಿಲ್ಲಿಸಿದರು. ಹಿಂದಿನ ವರ್ಷವಷ್ಟೇ ಪತಿಯನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದವರು ಅವರು; ತಿಲಕ ಕನ್ಯಾಶಾಲೆ, ಭಗಿನೀಮಂಡಲಗಳು ಅವರ ಕೈಯಲ್ಲಿ ಬೆಳೆದವು. ಮನೆಮನೆಗೆ ಹೋಗಿ ತಾಯಂದಿರ, ಅತ್ತೆಯರ ಮನವೊಲಿಸಿ, ವಿಧವೆಯರನ್ನೂ ಹೊರಗೆ ಕರೆತರುವುದು ಆ ದಿನಗಳಲ್ಲಿ ಯಾವ ಸತ್ಯಾಗ್ರಹಕ್ಕೂ ಕಡಿಮೆಯಾದ ಮಾತಲ್ಲ. ಸೇವಾದಳದ ಮಹಿಳಾ ವಿಭಾಗದಲ್ಲಿ ಉಮಾಬಾಯಿಯವರ ಜೊತೆ ಕಮಲಾದೇವಿ ಚಟ್ಟೋಪಾಧ್ಯಾಯರೂ ದುಡಿದರು. ಹೆಣ್ಣುಮಕ್ಕಳಿಗೂ ಶಿಸ್ತಿನ ತರಬೇತಿಯಾಗಬೇಕೆಂದು ಹರ್ಡೀಕರರು ಮೊದಲೇ ಒಪ್ಪಿದ್ದು ಅವರ ದೂರದೃಷ್ಟಿ.

ಮುಂದಿನ ಕೆಲವು ವರ್ಷ ದಳ ಬೆಳೆಯಿತು. ಬಾಗಲಕೋಟೆಯಲ್ಲಿ ಶಾರೀರಿಕ ಶಿಕ್ಷಣದ ತರಬೇತಿ ಶಾಲೆಯಾಯಿತು; ಹುಬ್ಬಳ್ಳಿಯಿಂದ ‘ವಾಲಂಟಿಯರ್’ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಹರ್ಡೀಕರರೇ ನಡೆಸಿದರು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಶಿಸ್ತಿನ ತರುಣ ಅಪ್ಪಣೆ ಪಾಲಿಸುತ್ತಾನೆ, ಸರಿ, ಅಪ್ಪಣೆಯೇ ತಪ್ಪಾಗಿದ್ದರೆ? ಪೊವೆಲ್ಲರ ಪದ್ಧತಿಯಲ್ಲಿ ಹುಡುಗರ ಸಣ್ಣ ಗುಂಪು ತನ್ನ ಕೆಲಸವನ್ನು ತಾನೇ ಗೊತ್ತುಮಾಡಿಕೊಳ್ಳಲು ಸ್ವಲ್ಪ ಎಡೆಯಿತ್ತು. ಸೇವಾದಳದಲ್ಲಿ ಆ ಎಡೆ ಕಿರಿದು. ಅಪ್ಪಣೆ ಕೊಡುವವರು ಗಾಂಧೀಜಿಯಂಥವರಾಗಿದ್ದುದರಿಂದ ಆ ಕೊರತೆ ಆಗ ಬಾಧಿಸಲಿಲ್ಲ. 1931ರಲ್ಲಿ ಕಾಂಗ್ರೆಸ್ಸು ದಳವನ್ನು ತನ್ನ ಅಧಿಕೃತ ಅಂಗವನ್ನಾಗಿ ಮಾಡಿಕೊಂಡಿತು. ಮರ್ಯಾದೆ ಹೆಚ್ಚಿತೆಂಬುದು ದಿಟ. ಆದರೆ ತರುಣರನ್ನು ತಿದ್ದುವ ಸಂಸ್ಥೆ ಒಂದು ಪಕ್ಷದ ಕೈಯಾದ ಮೇಲೆ ಆ ಕೈ ತಾನೇ ಯೋಚಿಸುವುದು ಕಷ್ಟ.

ಸರಕಾರಕ್ಕೆ ಇಂಥ ಸಂದೇಹಗಳಿರಲಿಲ್ಲ. 1932ರಲ್ಲಿ ದಳವನ್ನು ನಿಷೇಧಿಸಿತು. ಉಮಾಬಾಯಿಯವರು ಯೆರವಡಾ ಸೆರೆಮನೆಯಿಂದ ಹೊರಬಂದಾಗ ಅವರ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. 1934ರಲ್ಲಿ ಕಾಂಗ್ರೆಸ್ ಸಂಸ್ಥೆಗಳ ಮೇಲಿನ ನಿಷೇಧವನ್ನು ತೆಗೆದಾಗಲೂ ಹಿಂದುಸ್ತಾನೀ ಸೇವಾದಳದ ಮೇಲಿನ ನಿಷೇಧ ಹಾಗೆಯೇ ಉಳಿಯಿತು. ಭಾಷಣ ಮಾಡುವವರಿಗಿಂತ ನಸುಕಿನಲ್ಲೆದ್ದು ಸಾಲುಗಟ್ಟಿ ನಿಲ್ಲುವ ಹುಡುಗರನ್ನು ಆಳರಸರು ಹೆಚ್ಚು ಲೆಕ್ಕಕ್ಕೆ ಹಿಡಿದಿದ್ದರು.

ಸ್ವಾತಂತ್ರ್ಯಾನಂತರ ವಿದ್ಯಾರ್ಥಿಗಳ ಸೇವೆಗೆ ಸರಕಾರವೇ ವ್ಯವಸ್ಥೆ ಮಾಡಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರಲ್ಲಿ ವರ್ಷಕ್ಕೆ 120 ತಾಸಿನಂತೆ ಎರಡು ವರ್ಷಕ್ಕೆ 240 ತಾಸು ಎಂದು ಲೆಕ್ಕವಿಟ್ಟಿದ್ದಾರೆ. ಲೆಕ್ಕ ಬೇಕೇ ಬೇಕು, ಕಾಲೇಜಿನವರು ಪಾಪ ಏನು ಮಾಡಿಯಾರು! ಆದರೂ ನಾಗಪುರದ ಹುಡುಗರು ಎಷ್ಟು ತಾಸು ತುಂಬಿಸಿದ್ದರೆಂದು ಕೇಳುವ ಚಪಲ ನನಗಾಗುತ್ತದೆ.

ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು; 1958ರಲ್ಲಿ ಪದ್ಮಭೂಷಣರಾದರು. ಆದರೆ ಅವರ ಮನಸ್ಸು ನೆಲೆನಿಂತದ್ದು ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ. 1929ರಲ್ಲಿಯೇ, ದಳದ ಭರದ ದಿನಗಳಲ್ಲಿ, ಸಂಗಡಿಗ ವೈದ್ಯರೊಡನೆ ಅಲ್ಲಿ ಕರ್ನಾಟಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದ್ದರು. ದೇಶಕ್ಕೆ ಸ್ವಯಂಸೇವಕರನ್ನು ಕೊಟ್ಟ ವೈದ್ಯರು 1975ರಲ್ಲಿ ತೀರಿಕೊಂಡರು. ನದಿಯ ದಂಡೆಯ ಆ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳ ರೋಗಿಗಳು ಅವರ ಕಾಲದ ನಂತರವೂ ಬರುತ್ತಲೇ ಇದ್ದರು.