ಎಂಡ್ಯೂರೆನ್ಸ್ ರೇಸ್ ಕಾರುಗಳ ಮಾದರಿ ಸಂಗ್ರಹ

ಗಂಟೆಗಟ್ಟಲೆ ನಡೆಯುವ ಓಟಗಳಲ್ಲಿ ಪಾಲ್ಗೊಂಡ ಕಾರುಗಳ ಕಿರು ಪ್ರತಿರೂಪಗಳನ್ನು ಕೂಡಿಡುವ ಹವ್ಯಾಸ. 1923ರಲ್ಲಿ ಶುರುವಾದ ಫ್ರಾನ್ಸಿನ 'ಲ ಮಾನ್ 24 ಗಂಟೆ' ಓಟವೇ ಇದರ ಮುಖ್ಯ ಆಕರ. ಹೆಚ್ಚು ಬಳಕೆಯಲ್ಲಿರುವ ಅಳತೆ 1:43; ಸುಮಾರು ನಾಲ್ಕೂಮುಕ್ಕಾಲು ಮೀಟರಿನ ಕಾರು 11 ಸೆಂಟಿಮೀಟರಿಗೆ ಇಳಿದು ಅಂಗೈಯಲ್ಲಿ ಕೂರುತ್ತದೆ.

ಗುರುತಿಸುವಾಗ ಸ್ಪರ್ಧಾಸಂಖ್ಯೆಯೊಂದನ್ನೇ ನಂಬಿದರೆ ಮೋಸಹೋಗುವುದು ಖಂಡಿತ. 1970ರಲ್ಲಿ ಪೋರ್ಷೆಗೆ ಲ ಮಾನ್‌ನ ಮೊದಲ ಒಟ್ಟಾರೆ ಗೆಲುವು ತಂದ ಕೆಂಪು-ಬಿಳಿ 917ರ ಸಂಖ್ಯೆ 23. ಮರುವರ್ಷ ಮಾಂಸದ ತುಂಡುಗಳ ಹೆಸರು ಬರೆಸಿಕೊಂಡು ಓಡಿದ 'ಗುಲಾಬಿ ಹಂದಿ'ಯದೂ 23. ಆದ್ದರಿಂದ ಬಾಲದ ಉದ್ದ, ಬಣ್ಣ, ಜಾಹೀರಾತು, ಚಾಲಕರ ಹೆಸರು ಎಲ್ಲವನ್ನೂ ಆ ವರ್ಷದ ಓಟದ ಛಾಯಾಚಿತ್ರಗಳೊಂದಿಗೆ ತಾಳೆ ನೋಡಬೇಕು. ಈಚಿನ ಕಾರುಗಳಲ್ಲಿ ಸಂಖ್ಯಾಫಲಕದ ಬಣ್ಣವೇ ವರ್ಗವನ್ನು ಹೇಳುತ್ತದೆ: ನೀಲಿಯಾದರೆ ಎಲ್‌ಎಂಪಿ2. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಓಡಿಸಿದ 43ನೇ ಸಂಖ್ಯೆಯ ಒರೆಕಾ 07 ಈ ವರ್ಗದ್ದು. ಕನ್ನಡನಾಡಿನ ಸಂಗ್ರಾಹಕನಿಗೆ ಅದಕ್ಕಿಂತ ಹತ್ತಿರದ ಕಾರು ಸಿಗುವುದು ಕಷ್ಟ.

ಜೋಯಿಡಾ, ದಾಂಡೇಲಿಯಂಥ ಮಳೆಸೀಮೆಯಲ್ಲಿ ಇಂಥ ಸಂಗ್ರಹಕ್ಕೆ ತೇವವೇ ದೊಡ್ಡ ಶತ್ರು. ಅಂಟುಚಿತ್ರಗಳು ಏಳುತ್ತವೆ, ಸೀಸ ಬೆರೆತ ಕಳಪೆ ಸತುವಿನ ಹಳೆಯ ಮಾದರಿಗಳು ಬಿರುಕುಬಿಟ್ಟು ಪುಡಿಯಾಗುತ್ತವೆ. ಮುಚ್ಚಿದ ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟಿದ್ದರೆ ಮಳೆಗಾಲ ದಾಟಬಹುದು.